ಚಿಂದಿ ಕಟ್ಟಿದ ಹೀರೆಕಾಯಿ

ನನ್ನ ಅಕ್ಷರ ಸೊಟ್ಟ. ಶಾಲೆ ಅರ್ಧಕ್ಕೇ ಬಿಟ್ಟಿದ್ದರಿಂದ ಮಾತೂ ಅಷ್ಟಕ್ಕಷ್ಟೆ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇದು ನಮ್ಮ ಪಕ್ಕದ ಮನೆಯ ಕಾಳಕ್ಕನ ಸಂಗತಿ.

ಕಾಳಕ್ಕ ಹೊಸದುರ್ಗದ ಕಡೆಯಿಂದ ಮಾರಿಕಣಿವೆ ಹತ್ತಿರದ ಈ ಊರಿಗೆ ಮದುವೆಯಾಗಿ ಬಂದಾಗ ಸೆರಗಿನ ತುದಿಯಲ್ಲಿ ತುಪ್ಪದ ಹೀರೆಯ ಬೀಜ ಕಟ್ಟಿಕೊಂಡು ಬಂದಿದ್ದಳು.

"ಎಲ್ರೂ ತವರಿಂದ ಬಂಗಾರ ತರ್ತಾರೆ, ನೀನು ಬೀಜ ತಂದೀಯಲ್ಲೇ" ಎಂದು ಗಂಡ ಬೀರಪ್ಪ ನಗುತ್ತಿದ್ದ.

ನಕ್ಕರೂ, ಪ್ರತಿ ಮುಂಗಾರಿಗೆ ಬಚ್ಚಲ ಪಕ್ಕ ಗುಂಡಿ ತೋಡಿ ಕುರಿಗೊಬ್ಬರ ತುಂಬುತ್ತಿದ್ದವನು ಅವನೇ. ಕಾಳಕ್ಕ ಬೀಜ ನೆನೆಹಾಕಿ, ಬೂದಿಯಲ್ಲಿ ಹೊರಳಿಸಿ ಊರುತ್ತಿದ್ದಳು. ಬಳ್ಳಿ ಮಾಳಿಗೆ ಹತ್ತುತ್ತಿತ್ತು. ಎಳೆಯ ಕಾಯಿ ಸಾರಿಗೆ, ಬಲಿತು ಒಣಗಿದ್ದು ಮೈ ಉಜ್ಜುವುದಕ್ಕೆ. ಬೀಜಕ್ಕೆಂದು ಬಿಟ್ಟ ಕಾಯಿಯ ತೊಟ್ಟಿಗೆ ಬೀರಪ್ಪ ತನ್ನ ಹಳೆಯ ರುಮಾಲಿನ ಚಿಂದಿ ಕಟ್ಟುತ್ತಿದ್ದ. ಚಿಂದಿ ಕಂಡರೆ ಊರಲ್ಲಿ ಯಾರೂ ಆ ಕಾಯಿ ಮುಟ್ಟುತ್ತಿರಲಿಲ್ಲ.

ಈ ಎಪ್ಪತ್ತೈದನೇ ಇಸವಿಯ ಸುಗ್ಗಿಯಲ್ಲಿ ಆಡೊಂದು ಬುಡಕ್ಕೆ ಬಾಯಿ ಹಾಕಿ ಬಳ್ಳಿ ಒಣಗಿತು. ಸೂರಿನಲ್ಲಿ ಜೋತುಬಿದ್ದಿದ್ದ ಒಂದೇ ಕಾಯಿ ಉಳಿಯಿತು. ಬೀರಪ್ಪ ಅದಕ್ಕೆ ಚಿಂದಿ ಕಟ್ಟಿದ. ಮುಂಗಾರು ಹಿಡಿಯುವ ಮೊದಲೇ ಜ್ವರ ಬಂದು ಅವನು ಹೋಗಿಬಿಟ್ಟ.

ಕಾಳಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಕೈಗಳು ಬೇರೆ ಯಾರವೋ ಎನ್ನುವಂತೆ ಮಡಿಲಲ್ಲಿ ಬಿದ್ದಿದ್ದವು. ಅಂಗಳದಲ್ಲಿ ಹೆಣಕ್ಕೆ ನೀರು ಹಾಕುತ್ತಿದ್ದರು. ನೀರು ಹರಿದು ಅವಳ ಕಾಲ ಹತ್ತಿರ ಬಂತು. ಅದರಲ್ಲಿ ಕಾಯಿಗೆ ಕಟ್ಟಿದ್ದ ಚಿಂದಿಯಿತ್ತು.

"ಅಕ್ಕ, ಬೀಜ ಎಲ್ಲಿ ಹಾಕಿದ್ರಿ?" ಎಂದಳು.

ಬೀರಪ್ಪನ ಅಕ್ಕ ಉಚ್ಚಂಗಮ್ಮ ಐಮಂಗಲದಿಂದ ಬಂದವಳು. ಚಿಂದಿಯ ಗುರುತು ಅವಳಿಗೆ ತಿಳಿಯದು. ತಮ್ಮನ ಮೈ ಉಜ್ಜಲು ಅವಳೇ ಕಾಯಿ ಕಿತ್ತು, ಕಲ್ಲಿಗೆ ಬಡಿದು ಬೀಜ ಉದುರಿಸಿದ್ದಳು.

"ದೃಷ್ಟಿಗೆ ಕಟ್ಟಿದ್ದು ಅನ್ಕಂಡೆ ಕಣೇ. ಗಂಡ ಇಲ್ಲಿ ಮಲಗವ್ನೆ, ನಿಂಗೆ ಬೀಜದ ಚಿಂತೆನಾ?"

"ಒಂದ್ ಹನಿ ಕಣ್ಣೀರಿಲ್ಲ, ನೋಡ್ರವ್ವ" ಎಂದಳು ಮಲ್ಲಕ್ಕ, ಆಚೆ ಬೀದಿಯವಳು.

ಕಾಳಕ್ಕ ಏಳಲು ಹೋದಳು. ಹೆಣದ ನೀರಿಗೆ ಬಿದ್ದದ್ದನ್ನು ಆಯಬಾರದೆಂದು ಹೆಂಗಸರು ಭುಜ ಒತ್ತಿ ಕೂರಿಸಿದರು. ಅವಳು ಕೂತಳು. ಅಷ್ಟೆ.

ಮಣ್ಣು ಮಾಡಿದ ಮಾರನೆಯ ದಿನ ಮಳೆ ಬಂತು. ತಿಥಿಗೆ ಉಚ್ಚಂಗಮ್ಮ ಮತ್ತೆ ಬಂದಾಗ ಹೆಣ ತೊಳೆದ ಜಾಗದಲ್ಲಿ, ಬಾಗಿಲಿಗೆ ನೇರ ನಡುವಂಗಳದಲ್ಲಿ, ಮೂರು ಸಸಿ ಎದ್ದಿದ್ದವು.

"ಮೈಲಿಗೆದು. ಯಾರು ತಿಂತಾರೆ ಇದ್ನ?" ಎಂದು ಅವಳು ಒಂದನ್ನು ಕಿತ್ತೇಬಿಟ್ಟಳು.

ಕಾಳಕ್ಕ ಹೋಗಿ ಉಳಿದೆರಡರ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ತಿನ್ನಾಕಲ್ಲ, ಬೀಜಕ್ಕೆ."

"ಹಂಗಾರೆ ಕಿತ್ತು ಹಿತ್ಲಾಗೆ ನೆಡು. ಓಡಾಡೋ ದಾರಿ ಇದು."

"ಹೀರೆ ಕಿತ್ತು ನೆಟ್ರೆ ಬದ್ಕಲ್ಲಕ್ಕ. ನೀವು ಈ ಕಡೆಯಿಂದ ಬರ್ರಿ."

ಉಚ್ಚಂಗಮ್ಮ ಅವಳ ಮುಖವನ್ನೇ ನೋಡಿದಳು. ಅಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಆಮೇಲೆ ಸೀರೆ ಎತ್ತಿ ಹಿಡಿದು, ಸಸಿಗಳನ್ನು ಬಳಸಿಕೊಂಡು ಒಳಗೆ ಹೋದಳು.

ಕಿತ್ತ ಸಸಿ ಸಂಜೆಗೆಲ್ಲ ಬಾಡಿತು. ಕಾಳಕ್ಕ ಅವತ್ತೂ ಅಳಲಿಲ್ಲ. ಮಾರನೆಯ ಬೆಳಗ್ಗೆ ಜಾಲಿಮುಳ್ಳು ತಂದು ಎರಡೂ ಸಸಿಯ ಸುತ್ತ ಬೇಲಿ ಕಟ್ಟಿದಳು.