ಮಾರ್ಥಾಬಾಯಿ ಬರೆದ ಎರಡು ವರದಿ

ಭಾಲ್ಕಿಯ ಒಂದು ಸಣ್ಣ ಮಿಷನ್ ದವಾಖಾನೆಯಲ್ಲಿ ರಕ್ತ, ಕಫ, ನೀರು ಪರೀಕ್ಷೆ ಮಾಡುತ್ತಿದ್ದವಳು ಮಾರ್ಥಾಬಾಯಿ. ಗಂಡ ಕಮಠಾಣದ ಪಂಢರಿ ಕ್ರೈಸ್ತನಲ್ಲ. ಎರಡೂ ಮನೆಯವರು ಬೇಡವೆಂದದ್ದರಿಂದ ರಿಜಿಸ್ಟರ್ ಮದುವೆಯಾಗಿದ್ದರು. ಭಾನುವಾರ ಅವಳ ಜೊತೆ ಚರ್ಚಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಪಾದ್ರಿಗಳ ಪ್ರಸಂಗ ಉದ್ದವಾದರೆ ನಿದ್ದೆ, ಹಾಡು ಬಂದರೆ ತಾಳ. ಒಮ್ಮೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ನಿನ್ನ ದೇವರು ಇದರೊಳಗೆ ಕಾಣುತ್ತಾನೆಯೇ ಎಂದು ಕೇಳಿದ್ದ. ದೇವರು ಮಾಡಿಟ್ಟದ್ದು ಕಾಣುತ್ತದೆ, ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚು ಬರೆದರೂ ಪಾಪ ಎಂದಿದ್ದಳು.

ಎಪ್ಪತ್ತೆರಡರ ಬರಗಾಲದಲ್ಲಿ ಕಮಠಾಣದ ಓಣಿಗಳು ಅರ್ಧ ಖಾಲಿಯಾದವು. ಜನ ಹೈದರಾಬಾದಿಗೆ, ಪುಣೆಗೆ ಹೋದರು. ಹೆಂಡತಿಯನ್ನು ಬಿಟ್ಟು ಅಷ್ಟು ದೂರ ಹೋಗಲೊಲ್ಲದ ಪಂಢರಿ ಔರಾದ ಕಡೆಯ ಕೆರೆ ಕಾಮಗಾರಿಗೆ ಸೇರಿದ. ಗುತ್ತಿಗೆದಾರ ಮನ್ಮಥಪ್ಪ. ಏರಿ ಕಟ್ಟುವ ಕೆಲಸಕ್ಕೆ ನೀರು ಬೇಕೆಂದು ಅವನು ಅಲ್ಲಿನ ಒಂದೇ ಒಳ್ಳೆಯ ಬಾವಿಯ ಬಾಗಿಲಿಗೆ ಕೀಲಿ ಹಾಕಿಸಿದ್ದ. ಕೂಲಿಯವರು ಕಲ್ಲುಗಣಿಯ ಹೊಂಡದ ನೀರು ಕುಡಿದರು. ನಾಲ್ಕು ದಿನದಲ್ಲಿ ಒಂಬತ್ತು ಜನ ವಾಂತಿಭೇದಿಯಿಂದ ಸತ್ತರು. ಒಂಬತ್ತನೆಯವನು ಪಂಢರಿ. ಭಾಲ್ಕಿಗೆ ತರುವಷ್ಟರಲ್ಲಿ ಅವನ ಬೆರಳುಗಳು ನೀರಲ್ಲಿ ನೆನೆದ ಹಾಗೆ ಸುಕ್ಕುಗಟ್ಟಿದ್ದವು.

"ಬಾವ್ಯಾಗ ನೀರ ಅದ, ಮಾರ್ಥಾ," ಅಂದ. "ಕೀಲಿ ಹಾಕ್ಯಾರ." ಮತ್ತೆ ಮಾತಾಡಲಿಲ್ಲ.

ಮಣ್ಣು ಮಾಡಿದ ಮರುದಿನವೇ ಅವಳು ಕುದಿಯುವ ನೀರಲ್ಲಿ ಶುದ್ಧ ಮಾಡಿದ ಎರಡು ಖಾಲಿ ಬಾಟಲಿ ಹಿಡಿದು ಔರಾದ ಬಸ್ಸು ಹತ್ತಿದಳು. ಹೊಂಡದ್ದೊಂದು, ಕಾವಲುಗಾರ ಲಾಲ ಅಹ್ಮದ ಕದ್ದು ಕೀಲಿ ತೆಗೆದುಕೊಟ್ಟ ಬಾವಿಯದ್ದೊಂದು ನೀರು ತಂದು ಪರೀಕ್ಷಿಸಿದಳು. ಹೊಂಡದ ನೀರಿನಲ್ಲಿ ಕಾಲರಾ ರೋಗಾಣು ಇತ್ತು. ಬಾವಿಯದು ಶುದ್ಧ. ಆದರೆ ಆ ವರದಿಯನ್ನು ವಿಚಾರಣೆಗೆ ಬಂದ ಅಧಿಕಾರಿ ಬದಿಗಿಟ್ಟ. ಕೂಲಿಯವರೇ ರೋಗ ತಂದರೆಂದು ಮನ್ಮಥಪ್ಪ ಹೇಳಿದ್ದ. ನೀರು ತಂದವಳೂ ಬರೆದವಳೂ ಸತ್ತವನ ಹೆಂಡತಿ, ಅವಳು ಬರೆದದ್ದನ್ನು ಹೇಗೆ ನಂಬುವುದು ಎಂದೂ ಕೇಳಿದ್ದ. ಪ್ರಕರಣ ಮುಚ್ಚಿಹೋಯಿತು.

ಪಾದ್ರಿಗಳು ಮನೆಗೆ ಬಂದು ಕ್ಷಮಿಸಮ್ಮಾ ಎಂದರು. ಅವಳು ಚರ್ಚು ಬಿಡಲಿಲ್ಲ, ದೇವರನ್ನೂ ಬಿಡಲಿಲ್ಲ. ಆದರೆ ಕರ್ತನ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ತುಟಿ ಮುಚ್ಚುತ್ತಿದ್ದಳು. ಮನ್ಮಥಪ್ಪ ಎಲ್ಲಿ ಯಾವ ಕೆಲಸ ಹಿಡಿದ, ಯಾವ ಊರಲ್ಲಿ ಮನೆ ಕಟ್ಟಿಸಿದ ಎಂಬುದೆಲ್ಲ ಅವಳಿಗೆ ಗೊತ್ತಿರುತ್ತಿತ್ತು.

ನಾಲ್ಕು ವರ್ಷದ ಮೇಲೆ, ಅವಳು ಬೀದರಿನ ಒಂದು ಪ್ರಯೋಗಾಲಯದ ಕೆಲಸಕ್ಕೆ ಸೇರಿದ್ದಾಗ, ಅವನು ಕೈಗೆ ಸಿಕ್ಕ. ಒಂದು ಹಾಸ್ಟೆಲ್ಲಿಗೆ ಅವನು ತೋಡಿಸಿದ ಬಾವಿಯ ನೀರು ಪರೀಕ್ಷೆಗೆ ಬಂತು. ನೀರು ಕೆಟ್ಟದ್ದೆಂದು ಬರೆದರೆ ಆ ಕೆಲಸವೂ ಮುಂದಿನದೂ ಅವನ ಕೈತಪ್ಪುತ್ತವೆ. ಮೂರು ಸಲ ನೋಡಿದಳು. ಮೂರು ಸಲವೂ ನೀರು ಶುದ್ಧವಾಗಿತ್ತು.

ಇಡೀ ಮಧ್ಯಾಹ್ನ ಖಾಲಿ ಕಾಗದದ ಮುಂದೆ ಕೂತಳು. ಒಂದು ಸುಳ್ಳು ಸಾಕಿತ್ತು. ಆದರೆ ಈ ಕೈ ಒಮ್ಮೆ ಸುಳ್ಳು ಬರೆದರೆ ಪಂಢರಿಯ ನೀರಿನ ಬಗ್ಗೆ ಬರೆದದ್ದೂ ಸುಳ್ಳಾಗುತ್ತದೆ. ಮನ್ಮಥಪ್ಪ ಅಂದು ಹೇಳಿದ್ದೇ ನಿಜವಾಗುತ್ತದೆ. ಹಲ್ಲು ಕಚ್ಚಿ ಶುದ್ಧ ಎಂದು ಬರೆದಳು. ಬರೆಯುತ್ತಿದ್ದಂತೆ ಇನ್ನೊಂದು ದಾರಿ ಹೊಳೆಯಿತು.

ಮರುದಿನ ವರದಿ ಒಯ್ಯಲು ಮನ್ಮಥಪ್ಪ ಬಂದ, ಜೊತೆಗೆ ಆ ಕೆಲಸ ನೋಡಿಕೊಳ್ಳುವ ಸರ್ಕಾರಿ ಎಂಜಿನಿಯರ್. ಅವಳ ಗುರುತು ಅವನಿಗೆ ಹತ್ತಲಿಲ್ಲ. ವರದಿ ಓದಿ, ಈ ಹೆಣ್ಣುಮಗಳ ಕೈ ಬಹಳ ಚೊಕ್ಕ ಎಂದು ಎಂಜಿನಿಯರನಿಗೆ ಹೊಗಳಿದ.

"ನಾ ಬರದಿದ್ದು ನಂಬ್ತೀರೇನ್ರಿ?" ಎಂದಳು.

"ಯಾಕ ನಂಬಬಾರದು? ಪೂರಾ ನಂಬ್ತೇನಿ ರಿ."

ಅವಳು ತಾನು ಇಟ್ಟುಕೊಂಡಿದ್ದ ಹಳೆಯ ವರದಿಯ ಪ್ರತಿಯನ್ನು ಎಂಜಿನಿಯರನ ಮುಂದಿಟ್ಟಳು. "ಇದೂ ನಂದೇ ಕೈ ರಿ, ಸಾಹೇಬ್ರ. ಇವರು ಬಾವಿಗೆ ಕೀಲಿ ಹಾಕಿಸಿದ್ರು, ಹೊಂಡದ ನೀರು ಕುಡಿದು ನನ್ನ ಗಂಡ ಸತ್ತ. ಇವತ್ತ ಇವರ ನೀರು ಕೆಟ್ಟದ ಅಂತ ಬರೀಬಹುದಿತ್ತು. ಬರೀಲಿಲ್ಲ."

ಮನ್ಮಥಪ್ಪ ಅವಳನ್ನು ಆಗ ಸರಿಯಾಗಿ ನೋಡಿದ. ಎಂಜಿನಿಯರ್ ಎರಡೂ ಕಾಗದಗಳನ್ನು ತೆಗೆದುಕೊಂಡು ಹೋದ. ಅವನು ಅವನ್ನು ಮೇಲಧಿಕಾರಿಗಳಿಗೆ ಕಳಿಸಿದ ಮೇಲೆ ಹಳೆಯ ವಿಚಾರಣೆ ಮತ್ತೆ ತೆರೆಯಿತು.

ಕೆಲವು ತಿಂಗಳಿಗೆ ಮನ್ಮಥಪ್ಪನ ಹೆಂಡತಿ ಶಿವಕಾಂತಾ ಅವಳ ಮನೆಗೆ ಬಂದಳು. ಗಂಡ ಊಟ ಬಿಟ್ಟಿದ್ದಾನೆ, ಯೇಸುವಿನ ಮಕ್ಕಳಾದ ನೀವು ಕ್ಷಮಿಸುವವರಂತೆ, ಸಾಕ್ಷಿ ಹೇಳಬೇಡಿ ಎಂದು ಕೈ ಹಿಡಿದಳು. ಮಾರ್ಥಾಬಾಯಿ ಅವಳನ್ನು ಕೂಡಿಸಿ ಚಹಾ ಕೊಟ್ಟಳು.

"ನಿಮ್ಮ ಮ್ಯಾಲ ಸಿಟ್ಟಿಲ್ಲ ರಿ, ಅಕ್ಕಾ. ಅವರ ಮ್ಯಾಲ ಅದ. ಸಾಕ್ಷಿ ಹೇಳ್ತೇನಿ."

ಹೇಳಿದಳು. ಅವಳ ನಂತರ ಕಾವಲುಗಾರ ಲಾಲ ಅಹ್ಮದನೂ ಬಂದು, ಮನ್ಮಥಪ್ಪ ಹೇಳಿದ್ದಕ್ಕೇ ಬಾವಿಗೆ ಕೀಲಿ ಹಾಕಿದ್ದೆನೆಂದು ಸಾಕ್ಷಿ ಹೇಳಿದ. ಮನ್ಮಥಪ್ಪನಿಗೆ ಎರಡು ವರ್ಷ ಸಜೆಯಾಯಿತು. ಮುಂದೆ ಸರ್ಕಾರದ ಕೆಲಸ ಸಿಗಲಿಲ್ಲ. ತೀರ್ಪಿನ ದಿನ ಮಾರ್ಥಾಬಾಯಿ ಕಮಠಾಣಕ್ಕೆ ಹೋಗಿ ಅತ್ತೆ ಜಿಜಾಬಾಯಿಗೆ ಸುದ್ದಿ ಹೇಳಿದಳು. ಎರಡೇ ವರ್ಷವೇನು ಎಂದು ಮುದುಕಿ ಕೇಳಿದಳು. ತನಗೂ ಹಾಗೇ ಅನಿಸಿತೆಂದು ಸೊಸೆ ಒಪ್ಪಿಕೊಂಡಳು. ಮದುವೆಯ ದಿನದಿಂದ ಒಂದೇ ತಾಟಿಗೆ ಕೂರದ ಇಬ್ಬರೂ ಅವತ್ತು ಜೊತೆಗೆ ರೊಟ್ಟಿ ತಿಂದರು.