ಹಟ್ಟಿಯ ಪಕ್ಕದ ನೀಲಿ ಕೋಣೆ

ಕಾಪುವಿನ ನಮ್ಮ ಮನೆಯಲ್ಲಿ ಮಕ್ಕಳ ಕೋಣೆ ಎಂದರೆ ಅಣ್ಣನ ಕೋಣೆ. ಮಹಡಿಯ ಮೇಲೆ ಕಡಲ ಗಾಳಿ ಬರುವ ಕಿಟಕಿ, ಮೇಜು, ಕುರ್ಚಿ, ಗೋಡೆಯಲ್ಲಿ ಜಗತ್ತಿನ ದೊಡ್ಡದೊಂದು ನಕಾಶೆ. ಅವನು ದಿನಾ ಬಸ್ಸು ಹಿಡಿದು ಉಡುಪಿಯ ಕಾಲೇಜಿಗೆ ಹೋಗುತ್ತಿದ್ದ, ಆದ್ದರಿಂದ ಅವನಿಗೆ ಓದಲು ಜಾಗ ಬೇಕಿತ್ತು. ನಾನೂ ಒಂಬತ್ತನೆಯ ತರಗತಿಯಲ್ಲಿದ್ದೆ. ನನ್ನ ಓದು ಅಡಿಗೆಮನೆಯ ಹೊಸ್ತಿಲ ಬಳಿ, ನಿದ್ದೆ ಅಜ್ಜಿಯ ಪಕ್ಕದ ಚಾಪೆಯ ಮೇಲೆ. ನನಗೂ ಒಂದು ಮೂಲೆ ಕೊಡಿ ಎಂದು ಅಪ್ಪನನ್ನು ಕೇಳಿದಾಗ ಅವರು ಪೇಪರಿನಿಂದ ತಲೆಯೆತ್ತದೆ, ಅಜ್ಜಿಯ ಹತ್ತಿರ ಕೇಳು ಎಂದರು. ಅಜ್ಜಿಯ ಹತ್ತಿರ ಕೇಳಿದರೆ, ಮದುವೆಯಾಗಿ ಹೋಗುವವಳಿಗೆ ಕೋಣೆ ಯಾಕೆ ಎಂದರು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ.

ಕೋಣೆ ಸಿಕ್ಕಿದ್ದು ಹದಿನಾಲ್ಕಕ್ಕೆ, ತಿಂಗಳಿಗೆ ಮೂರು ದಿನದ ಮಟ್ಟಿಗೆ. ದೊಡ್ಡವಳಾದ ಮೇಲೆ ಆ ಮೂರು ದಿನ ನಾನು ಹೊರಗೆ ಕೂರಬೇಕಾಯಿತು. ಹೊರಗೆ ಎಂದರೆ ದನದ ಹಟ್ಟಿಗೆ ತಾಗಿಕೊಂಡಿದ್ದ, ತೆಂಗಿನ ಒಣಗಿದ ಗರಿಯ ಮಡಲು, ಸಿಪ್ಪೆ ತುಂಬಿಡುವ ಕೋಣೆ. ಅಲ್ಲಿದ್ದದ್ದು ಒಂದು ಚಾಪೆ, ಒಂದು ತಂಬಿಗೆ, ಮಸಿ ಹಿಡಿದ ಗೋಡೆ. ಊಟವನ್ನು ಅಮ್ಮ ಬಾಳೆಯೆಲೆಯಲ್ಲಿ ತಂದು ಬಾಗಿಲ ಹೊರಗಿಟ್ಟು ಹೋಗುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ಅಮ್ಮನೂ ತನ್ನ ಮೂರು ದಿನಗಳನ್ನು ಅಲ್ಲೇ ಕಳೆದವಳು. ಹೊರಗಾದವಳು ಮುಟ್ಟಿದ್ದನ್ನು ತೊಳೆಯದೆ ಒಳಗೆ ತರುವಂತಿಲ್ಲ, ತೊಳೆಯಲಾಗದ್ದು ಹೊರಗೇ ಉಳಿಯಬೇಕು. ಇದು ಅಜ್ಜಿಯ ಕಾನೂನು. ಅದರಲ್ಲಿ ಯಾರಿಗೂ ರಿಯಾಯಿತಿ ಇರಲಿಲ್ಲ, ಸ್ವತಃ ಅಜ್ಜಿಗೂ.

ಆ ವರ್ಷ ಮಳೆ ನಿಂತು ದಸರೆಯ ರಜೆ ಶುರುವಾದಾಗ ನಾನು ಹೊರಗಾಗಿದ್ದೆ. ನವರಾತ್ರಿಗೆಂದು ಮನೆಗೆ ಸುಣ್ಣ ಬಳಿಯುತ್ತಿದ್ದರು. ಬೆಳಿಗ್ಗೆ ಬಾವಿಯ ಕಡೆ ಹೋಗುವಾಗ ನೋಡದೆ ಸುಣ್ಣದ ಬಾಲ್ದಿಗೆ ಕಾಲು ತಾಗಿಸಿದೆ. ಅಜ್ಜಿ ದೂರದಿಂದಲೇ ಕಂಡು, ಇನ್ನು ಆ ಸುಣ್ಣ ದೇವರ ಕೋಣೆಗೆ ಬಾರದು, ಎಲ್ಲಾದರೂ ಚೆಲ್ಲು ಎಂದು ಬೈದರು. ನಾನು ಚೆಲ್ಲಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದ ನೀಲಿಯ ಪೊಟ್ಟಣವನ್ನೂ ಮುಟ್ಟಿದೆ. ಇದು ಗೊತ್ತಿದ್ದೇ ಮುಟ್ಟಿದ್ದು. ಮಡಲು, ಸಿಪ್ಪೆಗಳನ್ನೆಲ್ಲ ಹೊರಗೆಳೆದು ಹಾಕಿ, ಸುಣ್ಣಕ್ಕೆ ನೀಲಿ ಕಲಸಿ, ಜಜ್ಜಿದ ತೆಂಗಿನ ಸಿಪ್ಪೆಯಿಂದಲೇ ನಾಲ್ಕೂ ಗೋಡೆಗೆ ಬಳಿದೆ. ಎಲೆಯಲ್ಲಿ ಉಳಿಸಿಕೊಂಡ ಅನ್ನವನ್ನು ಹಿಸುಕಿ ಅಂಟು ಮಾಡಿ, ಹಳೆಯ ಪೇಪರಿನಲ್ಲಿದ್ದ ವಿಮಾನವನ್ನೂ ಹಂಚಿನ ಕಾರ್ಖಾನೆಯ ಕ್ಯಾಲೆಂಡರಿನ ಆನೆಯನ್ನೂ ಅಂಟಿಸಿದೆ. ದೇವರ ಚಿತ್ರ ಒಂದನ್ನೂ ಹಾಕಲಿಲ್ಲ. ಅಷ್ಟು ಬುದ್ಧಿ ನನಗಿತ್ತು.

ಮರುದಿನ ಒಳ್ಳೆಯ ಬಿಸಿಲು. ಮಳೆಗಾಲದಲ್ಲಿ ಬೂಷ್ಟು ಹಿಡಿದದ್ದನ್ನೆಲ್ಲ ಅಂಗಳದಲ್ಲಿ ಒಣಹಾಕಿದ್ದರು. ಹಾಸಿಗೆ, ದಿಂಬು, ಅಪ್ಪನ ಪುಸ್ತಕಗಳು, ಅವುಗಳ ಕೊನೆಯಲ್ಲಿ ಅಣ್ಣನ ನಕಾಶೆ. ನಾನು ಹಟ್ಟಿಯ ಕಡೆಯಿಂದ ನೆಟ್ಟಗೆ ನಡೆದು ಬಂದೆ. ಅಣ್ಣ ಜಗಲಿಯಲ್ಲಿ ಕೂತು ನೋಡುತ್ತಿದ್ದ. ಅವನ ಮುಖವನ್ನೇ ನೋಡುತ್ತಾ ಆಫ್ರಿಕಾದ ಮೇಲೆ ಅಂಗೈ ಊರಿದೆ.

ಅವನು ಕೂಗಾಡಿದ. ಕಾಗದಕ್ಕೆ ಮೈಲಿಗೆ ಇಲ್ಲ ಎಂದು ಅಜ್ಜಿಯ ಹತ್ತಿರ ವಾದಿಸಿದ. ಅಜ್ಜಿ ಬಂದು ದೂರದಲ್ಲಿ ನಿಂತು, ನಕಾಶೆಯ ಅಂಚನ್ನು ಕೋಲಿನಿಂದ ಎತ್ತಿ ನೋಡಿದರು.

“ಕಾಗದಕ್ಕೆ ಇಲ್ಲ. ಆದರೆ ಇದರ ಬೆನ್ನಿಗೆ ಬಟ್ಟೆ ಉಂಟಲ್ಲ. ಬಟ್ಟೆಯನ್ನು ನೀರಿಗೆ ಹಾಕಬೇಕು.”

ನೀರಿಗೆ ಹಾಕಿದರೆ ದೇಶವೂ ಉಳಿಯುವುದಿಲ್ಲ, ಸಮುದ್ರವೂ ಉಳಿಯುವುದಿಲ್ಲ ಎಂದ ಅಣ್ಣ. ಹಾಗಾದರೆ ಅದು ಹೊರಗೇ ಇರಲಿ ಎಂದು ಅಜ್ಜಿ ಒಳಗೆ ನಡೆದರು. ನನ್ನ ಉದ್ದೇಶ ಅವರಿಗೆ ಅರ್ಥವಾಗಿತ್ತು, ಆದರೂ ತಮ್ಮ ಕಾನೂನನ್ನು ಮೊಮ್ಮಗನಿಗಾಗಿ ಬಗ್ಗಿಸಲಿಲ್ಲ. ಅಜ್ಜಿಯ ಮೇಲೆ ನನಗಿದ್ದ ಸಿಟ್ಟಿನ ನಡುವೆಯೂ ಈ ಒಂದು ಗೌರವ ಯಾವಾಗಲೂ ಉಳಿದಿದೆ. ಸಂಜೆಯೊಳಗೆ ಜಗತ್ತು ನನ್ನ ನೀಲಿ ಗೋಡೆಯ ಮೇಲಿತ್ತು.

ನಾಲ್ಕನೆಯ ದಿನ ಅಜ್ಜಿಯ ಅಪ್ಪಣೆಯಾಯಿತು. ಗೋಡೆಯಲ್ಲಿದ್ದದ್ದನ್ನೆಲ್ಲ ಹರಿದು ಒಲೆಗೆ ಹಾಕಬೇಕು, ಮಡಲು, ಸಿಪ್ಪೆ ತಿರುಗಿ ತುಂಬಬೇಕು, ಆಮೇಲೆ ಮಿಂದು ಒಳಗೆ ಬರಬೇಕು. ಹರಿಯುವುದಿಲ್ಲ ಎಂದೆ. ಹರಿಯದೆ ಮೀಯುವಂತಿಲ್ಲ ಎಂದರು. ಹಾಗಾದರೆ ಮೀಯುವುದೇ ಇಲ್ಲ ಎಂದು ಬಾಗಿಲು ಹಾಕಿಕೊಂಡೆ.

ಅಂದು ನವರಾತ್ರಿಯ ಮೊದಲ ದಿನ. ಹೂ ಕಟ್ಟುವುದು, ಗಂಧ ತೇಯುವುದು, ತೆಂಗಿನಕಾಯಿ ತುರಿಯುವುದು ಎಲ್ಲ ನನ್ನ ಪಾಲಿನ ಕೆಲಸ. ಈಗ ಎಲ್ಲವೂ ಅಮ್ಮನ ತಲೆಗೆ ಬಿತ್ತು. ಎಲೆ ತಂದಿಟ್ಟ ಅಮ್ಮ ನಾನು ತೆರೆದ ಬಾಗಿಲಿನಿಂದ ಗೋಡೆಯನ್ನು ನೋಡುತ್ತಾ ನಿಂತಳು. ಅವಳ ಕೈಗೆ ಕಾಯಿ ತುರಿದು ತುರಿದು ಗುಳ್ಳೆ ಎದ್ದಿತ್ತು. ನನಗೆ ಅಳು ಬಂತು, ಆದರೆ ಮಣಿಯಲಿಲ್ಲ. ಅಮ್ಮನ ಕೈ ನೋಡಿ ಮಣಿದಿದ್ದರೆ ನಾಳೆ ನನ್ನ ಕೈಯೂ ಅದೇ ಆಗುತ್ತದೆ ಎಂದು ಆ ವಯಸ್ಸಿಗೇ ಅನಿಸಿತ್ತು.

ಮರುದಿನ ಕಾರ್ಕಳದಿಂದ ಅಪ್ಪನ ಅಕ್ಕ ಊಟಕ್ಕೆ ಬಂದರು. ಹುಡುಗಿ ಎಲ್ಲಿ ಎಂದು ಕೇಳಿದರು. ಹೊರಗೆ ಎಂದರು ಅಜ್ಜಿ. ಎಷ್ಟನೆಯ ದಿನ ಎಂದು ಕೇಳಿದರು. ಐದು ಎಂದದ್ದೇ ಅವರು ದನಿ ತಗ್ಗಿಸಿ, ಏನಾದರೂ ಕಾಯಿಲೆಯೋ, ಮಣಿಪಾಲದ ಡಾಕ್ಟರಿಗೆ ತೋರಿಸಿದಿರೋ, ನಾಳೆ ಗಂಡಿನ ಕಡೆಯವರಿಗೆ ಗೊತ್ತಾದರೆ ಹೇಗೆ ಎಂದೆಲ್ಲ ವಿಚಾರಿಸಿದರಂತೆ. ಆರನೆಯ ದಿನ ಬೆಳಿಗ್ಗೆ ಅಜ್ಜಿ ಅಂಗಳದಲ್ಲಿ ಬಂದು ನಿಂತರು.

“ನಿನಗೆ ಎಂತ ಬೇಕು, ಹೇಳು.”

“ಈ ಕೋಣೆ.”

“ಮೂರು ದಿನ ಉಂಟಲ್ಲ?”

“ಮೂವತ್ತು ದಿನವೂ ಬೇಕು, ಅಜ್ಜಿ. ಗೋಡೆ ಹೀಗೆಯೇ ಇರಬೇಕು.”

ಅಜ್ಜಿ ಬಾಗಿಲವರೆಗೆ ಬಂದು ನಾಲ್ಕೂ ಗೋಡೆಯನ್ನು ನೋಡಿದರು. ಆಮೇಲೆ, ನಿನ್ನ ಅಮ್ಮನ ಮೂರು ದಿನ ಮಾತ್ರ ಕೋಣೆ ಅವಳದು, ಆಗ ನೀನು ನನ್ನ ಹತ್ತಿರ ಮಲಗಬೇಕು ಎಂದರು. ನಕಾಶೆಗೆ ಅವರೇ ಗೋಮೂತ್ರ ಚಿಮುಕಿಸಿದರು. ನಾನು ಮಿಂದು ಬಂದು, ಅಮ್ಮನ ಕೈಯಿಂದ ಕಾಯಿ ತುರಿಯುವ ಮಣೆಯನ್ನು ಕಸಿದುಕೊಂಡೆ.

ಗೆದ್ದೆ ಎಂದುಕೊಂಡು ಬೀಗುತ್ತಿದ್ದೆ. ಎರಡು ವಾರ ಕಳೆದು ಅಮ್ಮ ಹೊರಗಾದಳು. ಹಿಂದೆಲ್ಲ ಅಮ್ಮ ನಾಲ್ಕನೆಯ ದಿನ ಬೆಳಕು ಹರಿಯುವ ಮೊದಲೇ ಮಿಂದು ಒಲೆ ಹಚ್ಚುವವಳು. ಆ ಸಲ ಬಿಸಿಲು ಅಂಗಳದ ನಡುವಿಗೆ ಬಂದರೂ ಒಲೆ ತಣ್ಣಗಿತ್ತು. ಕರೆಯಲು ಅಜ್ಜಿ ನನ್ನನ್ನು ಕಳಿಸಿ, ತಾವೂ ಹಿಂದೆಯೇ ಬಂದರು. ಬಾಗಿಲು ತೆರೆದೇ ಇತ್ತು. ಅಮ್ಮ ಚಾಪೆಯ ಮೇಲೆ ಕೂತು ಗೋಡೆಗೆ ಬೆನ್ನು ಕೊಟ್ಟು, ಎದುರಿನ ನಕಾಶೆಯನ್ನು ನೋಡುತ್ತಿದ್ದಳು. ಹದಿನೆಂಟು ವರ್ಷ ಅದೇ ಕೋಣೆಯಲ್ಲಿ ಮಸಿ ಗೋಡೆ ನೋಡಿದ ಅಮ್ಮ. ಸ್ನಾನಕ್ಕೆ ನೀರು ಕಾದಿದೆ ಎಂದೆ. ಅವಳು ನನ್ನನ್ನಲ್ಲ, ನನ್ನ ಹಿಂದೆ ನಿಂತಿದ್ದ ಅಜ್ಜಿಯನ್ನು ನೋಡಿದಳು.

“ನಾಳೆ ಮೀಯುತ್ತೇನೆ, ಅತ್ತೆ” ಎಂದಳು.