ಕೋರಿಕೆ ಮತ್ತು ಸಮ್ಮತಿ

ಅಮೆರಿಕದ ಮಿಲ್ಪಿಟಾಸಿನ ಕನ್ನಡದ ಹಿರಿಯರಿಗೆಲ್ಲ ಫಖರುನ್ನಿಸಾ ಎಂದರೆ ಟೀಚರಮ್ಮ. ಮೈಸೂರಿನ ಹುಡುಗಿಯರ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತರಾಗಿ, ಗಂಡ ತೀರಿಕೊಂಡ ಮೇಲೆ ಮಗಳು ಅಮ್ರೀನಳ ಮನೆಗೆ ಬಂದವರು. ಇಲ್ಲಿಗೆ ಬಂದರೂ ಪಾಠ ನಿಲ್ಲಿಸಲಿಲ್ಲ, ಪುಣ್ಯಾತ್ಗಿತ್ತಿ! ಇಂಗ್ಲೆಂಡಿಗೂ ಅದರ ಡೊಮಿನಿಯನ್ನುಗಳಿಗೂ, ಅಂದರೆ ಕೆನಡಾದಂಥ ತಮ್ಮನ್ನು ತಾವೇ ಆಳಿಕೊಳ್ಳುತ್ತಿದ್ದ ದೇಶಗಳಿಗೂ, ಇದ್ದ ಸಂಬಂಧವನ್ನು ಅತ್ತೆ ಸೊಸೆಯರ ಸಂಸಾರದಂತೆ ವಿವರಿಸುತ್ತಿದ್ದರು.

"ಮನೆ ಒಂದೇ, ಒಲೆ ಬೇರೆ. ಸೊಸೆ ಅಡುಗೆಮನೇಲಿ ಅತ್ತೆ ಕೈ ಹಾಕಬೇಕಾದ್ರೆ ಸೊಸೆಯೇ ಕೇಳ್ಕೋಬೇಕು, ಸೊಸೆಯೇ ಒಪ್ಪಬೇಕು. ಕೋರಿಕೆ, ಸಮ್ಮತಿ. ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಮಾಡಿದ ಕಾನೂನಿನ ಜೀವ ಇರೋದೇ ಅಲ್ಲಿ!"

ಈ ಪಾಠ ಕೆಲಸಕ್ಕೆ ಬಂದದ್ದು ತೊಂಬತ್ತೆಂಟರಲ್ಲಿ. ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಓಕ್ಲ್ಯಾಂಡಿನ ದೊಡ್ಡ ಕನ್ನಡ ಸಂಘದವರು ಮಿಲ್ಪಿಟಾಸಿನಲ್ಲೊಂದು ಶಾಖೆ ತೆರೆದು, ಇಂಡಿಯನ್ ಗ್ರೋಸರಿಯ ಮೇಲಿನ ಒಂದು ಕೋಣೆ ಹಿಡಿದುಕೊಟ್ಟರು. ಕಾರು ಓಡಿಸಲು ಬಾರದ, ವಾರವಿಡೀ ಮೊಮ್ಮಕ್ಕಳ ಇಂಗ್ಲಿಷಿಗೆ ತಲೆಯಾಡಿಸಿ ಸುಸ್ತಾದ ಜೀವಗಳು ಪ್ರತಿ ಶನಿವಾರ ಅಲ್ಲಿಗೆ ನಡೆದೇ ಬರುತ್ತಿದ್ದವು. ಚೌಕಾಬಾರ, ಹರಟೆ, ಒಗ್ಗರಣೆ ಅವಲಕ್ಕಿ. ಧಾರವಾಡದ ಮಲ್ಲಪ್ಪನವರಂತೂ ಶುಕ್ರವಾರವೇ ಅಂಗಿ ಇಸ್ತ್ರಿ ಮಾಡಿಟ್ಟುಕೊಳ್ಳುತ್ತಿದ್ದರು.

ಶಾಖೆಯ ನಿಯಮ ಬರೆದವರು ಟೀಚರಮ್ಮ. ಶಾಖೆ ತಾನಾಗಿ ಕೋರಿ, ತಾನಾಗಿ ಸಮ್ಮತಿಸದ ಹೊರತು ಓಕ್ಲ್ಯಾಂಡಿನವರು ಅದರ ಒಳ ವ್ಯವಹಾರಕ್ಕೆ ಬರುವಂತಿಲ್ಲ. ಕೋರಬೇಕಾದವರು ಕಾರ್ಯದರ್ಶಿ, ಸಮ್ಮತಿಸಬೇಕಾದವರು ಅಧ್ಯಕ್ಷೆ. ಅಧ್ಯಕ್ಷೆ ತಾವು, ಕಾರ್ಯದರ್ಶಿ ಮಗಳು. ಇನ್ನೇನು ಭಯ? ಎಡವಿದ್ದೇ ಇಲ್ಲಿ ನೋಡಿ. "ಡೊಮಿನಿಯನ್ನಿನ ಪರವಾಗಿ ಕೇಳಿಕೊಂಡವರು ಪ್ರಜೆಗಳೋ, ಮಂತ್ರಿಗಳೋ?" ಎಂದು ಪ್ರತಿವರ್ಷ ಪರೀಕ್ಷೆಯಲ್ಲಿ ಹುಡುಗಿಯರ ಬೆವರಿಳಿಸುತ್ತಿದ್ದ ಹೆಂಗಸು, ತಮ್ಮ ಮನೆಯ ವಿಷಯಕ್ಕೆ ಬಂದಾಗ ಆ ಪ್ರಶ್ನೆಯನ್ನೇ ಮರೆತರು. ಕೋಣೆಗೆ ಬರುವ ಹಿರಿಯರನ್ನೂ ಕೇಳಬೇಕೆಂದು ನಿಯಮದಲ್ಲಿ ಎಲ್ಲೂ ಬರೆಯಲಿಲ್ಲ.

ಬರಬರುತ್ತಾ ಓಕ್ಲ್ಯಾಂಡಿನ ಸಮಾರಂಭಗಳಿಗಿಂತ ಮಿಲ್ಪಿಟಾಸಿನ ಕೋಣೆಯೇ ಹೆಚ್ಚು ತುಂಬತೊಡಗಿತು. ದೊಡ್ಡ ಸಂಘದ ಅಧ್ಯಕ್ಷ ರಾಮನಾಥನಿಗೆ ಅದು ಕಣ್ಣಿಗೆ ಬಿದ್ದ ಕಸ. ಕೋಣೆ ಬಿಟ್ಟು ಎಲ್ಲರೂ ಓಕ್ಲ್ಯಾಂಡಿಗೇ ಬನ್ನಿ ಎಂದು ಎರಡು ಸಲ ಹೇಳಿ ನೋಡಿದ. "ಕೋರಿಕೆ ಎಲ್ಲಿ, ಸಮ್ಮತಿ ಎಲ್ಲಿ?" ಎಂದು ಟೀಚರಮ್ಮ ಎರಡು ಸಲವೂ ವಾಪಸ್ಸು ಕಳಿಸಿದರು.

ಅಷ್ಟರಲ್ಲಿ ಎರಡು ಸಾವಿರದ ಒಂದು ಬಂತು. ಡಾಟ್‌ಕಾಮ್ ಕಂಪನಿಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಅಮ್ರೀನಳ ಆಫೀಸೂ ಮುಚ್ಚಿತು. ಅರ್ಜಿ ಹಾಕಿ ಹಾಕಿ ಸೋತ ಮಗಳು ಊಟ ಬಿಟ್ಟಳು, ನಗುವುದನ್ನೂ ಬಿಟ್ಟಳು. ರಾಮನಾಥನೋ, ಅಂಥ ಕಾಲದಲ್ಲೂ ಜನರನ್ನು ತೆಗೆದುಕೊಳ್ಳುತ್ತಿದ್ದ ಕಂಪನಿಯೊಂದರಲ್ಲಿ ದೊಡ್ಡ ಕುರ್ಚಿಯಲ್ಲಿದ್ದವನು.

ಅಕ್ಟೋಬರಿನಲ್ಲಿ ಅವನೇ ಫೋನು ಮಾಡಿದ. "ವಾರ್ಷಿಕೋತ್ಸವದಲ್ಲಿ ತಮಗೊಂದು ಸನ್ಮಾನ ಇಟ್ಕೊಂಡಿದೀವಿ ಮೇಡಂ. ಬರಲೇಬೇಕು."

ಟೀಚರಮ್ಮ ಹಿಗ್ಗಿದರು, ಸುಳ್ಳೇಕೆ? ವಾರ್ಷಿಕೋತ್ಸವದ ದಿನ ಮೈಸೂರು ಸಿಲ್ಕ್ ಉಟ್ಟರು. ಮಿಲ್ಪಿಟಾಸಿನ ಹಿರಿಯರನ್ನೆಲ್ಲ ಅಂದು ದೊಡ್ಡ ಸಂಘದವರೇ ವ್ಯಾನು ಕಳಿಸಿ ಕರೆಸಿದ್ದರು. ವೇದಿಕೆಯ ಮೇಲೆ ರಾಮನಾಥ ಶಾಲು ಬಿಡಿಸಿ ಹಿಡಿದ. ಶಾಲು ಬಂದಾಗ ಕನ್ನಡದವರ ಕತ್ತು ತಾನಾಗಿ ಬಾಗುತ್ತದಲ್ಲ, ಅವರದೂ ಬಾಗಿತು. ಹಾರ, ಹಣ್ಣಿನ ಬುಟ್ಟಿ, ಫೋಟೋ. ಆಮೇಲೆ ಅವನು ಮೈಕು ಹಿಡಿದ.

"ಮಿಲ್ಪಿಟಾಸ್ ಶಾಖೆಯನ್ನ ಮಾತೃಸಂಘದಲ್ಲಿ ಸೇರಿಸ್ಕೊಳ್ಳಿ ಅಂತ ಶಾಖೆಯ ಕಾರ್ಯದರ್ಶಿ ಅಮ್ರೀನ್ ಅವರೇ ಕೋರಿದಾರೆ. ಅಧ್ಯಕ್ಷರು ನಿಮ್ಮೆಲ್ಲರ ಎದುರು ಈ ಗೌರವ ಸ್ವೀಕರಿಸಿ ಸಮ್ಮತಿ ಕೊಟ್ಟಿದಾರೆ. ಜೋರಾಗಿ ಚಪ್ಪಾಳೆ!"

ಸಭೆ ಚಪ್ಪಾಳೆ ತಟ್ಟಿತು. ಟೀಚರಮ್ಮ ಮುಂದಿನ ಸಾಲಿನಲ್ಲಿದ್ದ ಮಗಳನ್ನು ನೋಡಿದರು. ಅಮ್ರೀನ್ ತನ್ನ ಚಪ್ಪಲಿ ನೋಡುತ್ತಿದ್ದಳು. ಆಗಲೇ "ಇಲ್ಲ" ಎನ್ನಬೇಕಿತ್ತು, ಹಣ್ಣಿನ ಬುಟ್ಟಿ ಎತ್ತಿಕೊಂಡು ಮೆಟ್ಟಿಲ ಕಡೆ ತಿರುಗಿದರು.

ಕೆಳಗಿಳಿದಾಗ ಮಲ್ಲಪ್ಪನವರು ಅಡ್ಡ ಬಂದರು. "ಟೀಚರಮ್ಮಾರ, ನನಗ ತಿಳೀಲಿಲ್ಲ ನೋಡ್ರಿ. ಈ ಶನಿವಾರ ನಮ್ಮ ಖೋಲಿ ಬಾಗಲಾ ತಗೀತಾರ್ರೀ?"

"ಇಲ್ಲ ಮಲ್ಲಪ್ಪನೋರೆ. ಇನ್ನು ತೆಗೆಯಲ್ಲ."

"ನೀವ ಒಪ್ಪಿದ್ರೇನ್ರಿ?"

ಟೀಚರಮ್ಮ ಹಣ್ಣಿನ ಬುಟ್ಟಿಯನ್ನು ಅವರ ಕೈಗಿಟ್ಟು ಮಗಳ ಕಾರಿನತ್ತ ನಡೆದರು.

ಫ್ರೀವೇಯಲ್ಲಿ ಬಹಳ ದೂರ ಬಂದ ಮೇಲೆ ಅಮ್ರೀನ್ ಉರ್ದುವಿನಲ್ಲಿ ಮಾತು ತೆಗೆದಳು. ಆ ಮನೆಯಲ್ಲಿ ಪ್ರೀತಿಗೆಲ್ಲ ಉರ್ದು, ಜಗಳಕ್ಕೆ ಕನ್ನಡ. ಹೈದರಾಬಾದಿನ ಅಪ್ಪನಿಗೆ ಕನ್ನಡ ತಿಳಿಯುತ್ತಿರಲಿಲ್ಲವೆಂದು ತಾಯಿ ಮಗಳು ಅವರೆದುರು ಕನ್ನಡದಲ್ಲೇ ಕಿತ್ತಾಡುತ್ತಿದ್ದರು. ಅಪ್ಪ ಹೋದರೂ ಅಭ್ಯಾಸ ಹೋಗಿರಲಿಲ್ಲ.

"ಕನ್ನಡದಲ್ಲಿ ಹೇಳು," ಎಂದರು ಟೀಚರಮ್ಮ.

"ಸೋಮವಾರದಿಂದ ರಾಮನಾಥರ ಕಂಪನಿಗೆ ಬಾ ಅಂದಿದಾರೆ ಅಮ್ಮೀ. ಇನ್ನೆಲ್ಲೂ ಚಾನ್ಸೇ ಇರ್ಲಿಲ್ಲ. ನಿಮಗೆ ಮೊದಲೇ ಹೇಳಿದ್ರೆ ನೀವು ಬಿಡ್ತಿರ್ಲಿಲ್ಲ."

"ಬಿಡ್ತಿರ್ಲಿಲ್ಲ. ಅದಕ್ಕೇ ನನ್ನ ಕತ್ತಿಗೆ ಶಾಲು ಹಾಕಿಸ್ದೆ."

"ತಪ್ಪಾಯ್ತು. ಕ್ಷಮಿಸಿಬಿಡಿ ಅಮ್ಮೀ. ಕೇಳ್ಕೋತೀನಿ."

"ಕೇಳ್ಕೊಂಡೆಯಲ್ಲ, ಸರಿ," ಎಂದರು ಟೀಚರಮ್ಮ. "ಒಪ್ಪೋದು ನನ್ನ ಕೈಲಿದೆ. ನಾನು ಒಪ್ಪಿಲ್ಲ."

ಶಾಲು ತೆಗೆದು ಹಿಂದಿನ ಸೀಟಿಗೆ ಎಸೆದರು. ಇಳಿದುಹೋಗೋಣವೆಂದರೆ ಕಾರು ಮಗಳದು, ಹೋಗಬೇಕಾದ ಮನೆಯೂ ಮಗಳದೇ. ಸೀಟುಬೆಲ್ಟು ಹಿಡಿದುಕೊಂಡು ಕೂತರು.